ಅವಳಿಯೆಂಬ ಬಳುವಳಿ

ಅವಳಿ ಮಕ್ಕಳು ಹುಟ್ಟಿದ ಮನೆಯಲ್ಲಿ ನಾಮಕರಣಕ್ಕೂ ಮೊದಲೇ ತೀರ್ಮಾನವಾಗುವ ವಿಷಯವೊಂದಿದೆ: ಇದು ಯಾರ ಕಡೆಯಿಂದ ಬಂತು? ನನ್ನ ತಂಗಿಗೆ ಅವಳಿ ಹುಟ್ಟಿದಾಗ ಅವಳ ಅತ್ತೆಮನೆಯವರು ಈ ಪ್ರಶ್ನೆಯನ್ನು ಚರ್ಚೆಗೇ ಬಿಡಲಿಲ್ಲ. "ನಮ್ಮ ವಂಶದಲ್ಲೇ ಇದೆ, ಇವನ ಮುತ್ತಜ್ಜನೂ ಅವಳಿಯೇ" ಎಂದರು. ಮಕ್ಕಳು ಎರಡು ಕಿಲೋ ಕೂಡ ತೂಗದೆ ಆಸ್ಪತ್ರೆಯಲ್ಲೇ ಉಳಿಯಬೇಕಾದಾಗ ಅದೇ ಬಾಯಿ, "ಜೋಡಿ ಬಾಳೆಹಣ್ಣು ತಿಂದಿರಬೇಕು, ತವರಿನಲ್ಲಿ ಹೇಳುವವರಿರಲಿಲ್ಲವೇ?" ಎಂದಿತು. ಹೆಮ್ಮೆ ಗಂಡನ ವಂಶಕ್ಕೆ, ತಪ್ಪು ಹೆಂಡತಿಯ ನಾಲಗೆಗೆ!

ಈ ಲೆಕ್ಕ ಇಂದಿನದಲ್ಲ. ಮಹಾಭಾರತದ ಮಾದ್ರಿಗೆ ನಕುಲ ಸಹದೇವರಾದದ್ದು ಅಶ್ವಿನೀದೇವತೆಗಳಿಂದ. ಅವರು ಅವಳಿಗಳು, ಮಕ್ಕಳೂ ಅವಳಿಗಳು. ದೇವತೆಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಮನುಷ್ಯರ ವಿಷಯದಲ್ಲಿದೆ.

ಅವಳಿಗಳಲ್ಲಿ ಎರಡು ಬಗೆ. ಒಂದೇ ಭ್ರೂಣ ಎರಡಾಗಿ ಒಡೆದು ಹುಟ್ಟುವವರು ತದ್ರೂಪಿಗಳು. ಇವರು ಲೋಕದ ಎಲ್ಲ ಕಡೆಯೂ ಸಾವಿರ ಹೆರಿಗೆಗೆ ಸುಮಾರು ನಾಲ್ಕರಂತೆ ಹುಟ್ಟುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಮನೆತನದ ಹಂಗಿಲ್ಲ. ಇನ್ನೊಂದು ಬಗೆಯಲ್ಲಿ ತಾಯಿಯ ಒಡಲಲ್ಲಿ ಒಂದೇ ಸಲ ಎರಡು ಅಂಡಗಳು ಬಿಡುಗಡೆಯಾಗಿ ಎರಡೂ ಫಲಿತವಾಗುತ್ತವೆ. ಮನೆತನದಲ್ಲಿ ಹರಿದುಬರುವುದು ಈ ಬಗೆ. ತಾಯಿಗೋ ಅಕ್ಕತಂಗಿಗೋ ಇಂಥ ಅವಳಿ ಹುಟ್ಟಿದ್ದರೆ ಆ ಹೆಣ್ಣಿಗೂ ಅವಳಿಯಾಗುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ನೆದರ್ಲೆಂಡ್ಸ್, ಆಸ್ಟ್ರೇಲಿಯಾ, ಅಮೆರಿಕಗಳ ಅವಳಿ ಹೆತ್ತ ತಾಯಂದಿರನ್ನು ಪರೀಕ್ಷಿಸಿದ ವಿಜ್ಞಾನಿಗಳು 2016ರಲ್ಲಿ ಇದಕ್ಕೆ ಸಂಬಂಧಿಸಿದ ಎರಡು ವಂಶವಾಹಿಗಳನ್ನು ಗುರುತಿಸಿದರು. ಒಂದು, ಅಂಡ ಬೆಳೆಸುವ ಹಾರ್ಮೋನಿನ ಪ್ರಮಾಣಕ್ಕೆ ಸಂಬಂಧಿಸಿದ್ದು. ಇನ್ನೊಂದು, ಆ ಹಾರ್ಮೋನಿಗೆ ಅಂಡಾಶಯ ಸ್ಪಂದಿಸುವ ಬಗೆಗೆ.

ಈಗ ನೀವೇ ಹೇಳಿ, ಅಂಡ ಒಂದೋ ಎರಡೋ ಎಂದು ನಿರ್ಧರಿಸುವುದು ಯಾರ ಒಡಲು? ಗಂಡನ ಮನೆಯಲ್ಲಿ ಏಳು ತಲೆಮಾರು ಅವಳಿಗಳಿದ್ದರೂ ಸೊಸೆಯ ಅಂಡಾಶಯಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ. ಗಂಡಸು ಈ ಗುಣವನ್ನು ಹೆತ್ತವರಿಂದ ಪಡೆದಿರಬಹುದು, ಮಗಳಿಗೆ ದಾಟಿಸಬಹುದು, ಹೆಂಡತಿಗೆ ಕೊಡಲಾರ. "ಒಂದು ತಲೆಮಾರು ಬಿಟ್ಟು ಬರುತ್ತದೆ" ಎನ್ನುತ್ತಾರಲ್ಲ, ಅದು ಬಿಟ್ಟು ಬರುವುದಲ್ಲ. ಗಂಡಸಿನಲ್ಲಿ ಮೌನವಾಗಿದ್ದು ಮಗಳಲ್ಲಿ ಬಾಯಿಬಿಡುವುದು. ಅಕ್ಕನ ಮಗಳನ್ನೇ ಮದುವೆಯಾದ ಕಡೆ ಗಂಡನ ತಾಯಿ ಹುಡುಗಿಗೆ ಅಜ್ಜಿಯೂ ಹೌದು. ಆದರೆ ಅಲ್ಲೂ ಅಜ್ಜಿಯ ಗುಣ ಹುಡುಗಿಗೆ ಬರುವುದು ತಾಯಿಯಿಂದ, ಗಂಡನಿಂದಲ್ಲ.

ಗಂಡುಮಕ್ಕಳಿಂದಲೇ ವಂಶ ಎನ್ನುವ ಮನೆಯ ಈ ಗುಣ ಬೆಳಕಿಗೆ ಬರುವುದು ಕೊಟ್ಟುಕಳಿಸಿದ ಹೆಣ್ಣುಮಕ್ಕಳಲ್ಲಿ. ನಾವು ಬರೆದಿಡುವ ವಂಶವೃಕ್ಷದಲ್ಲಿ ಅವರ ಹೆರಿಗೆಗಳಿಗೆ ಕೊಂಬೆಯೇ ಇರುವುದಿಲ್ಲ. ಬಳುವಳಿ ಎಂದರೆ ಹೆಣ್ಣು ತವರಿನಿಂದ ತರುವುದು. ಆ ಅರ್ಥದಲ್ಲಿ ಅವಳಿಯೂ ಬಳುವಳಿಯೇ.

ಎಲ್ಲವನ್ನೂ ತವರಿನ ಲೆಕ್ಕಕ್ಕೆ ಬರೆಯುವ ಹಟವೂ ನನಗಿಲ್ಲ. 1980ರ ದಶಕದಲ್ಲಿ ಲೋಕದಲ್ಲಿ ಸಾವಿರ ಹೆರಿಗೆಗೆ ಒಂಬತ್ತು ಅವಳಿಯಿದ್ದದ್ದು 2010ರ ನಂತರ ಹನ್ನೆರಡಾಯಿತು. ಮೂವತ್ತು ವರ್ಷದಲ್ಲಿ ವಂಶಗಳು ಬದಲಾಗುವುದಿಲ್ಲ. ಬದಲಾದದ್ದು ಹೆಣ್ಣಿನ ಬದುಕು: ತಡವಾಗಿ ಬಸಿರು, ಬಂಜೆತನದ ಚಿಕಿತ್ಸೆ. ಮಾತ್ರೆ ನುಂಗಿ, ಚುಚ್ಚುಮದ್ದು ಚುಚ್ಚಿಸಿಕೊಂಡು, ವರ್ಷಗಟ್ಟಲೆ ಆಸ್ಪತ್ರೆ ಅಲೆದು ಅವಳಿ ಹೆತ್ತವಳ ಎದುರಿಗೇ "ನಮ್ಮ ವಂಶದಲ್ಲಿದೆ" ಎನ್ನುವವರಿದ್ದಾರೆ. ಅವಳು ಪಟ್ಟದ್ದೆಲ್ಲ ಆ ಒಂದು ಮಾತಿನಡಿ ಹೂತುಹೋಗುತ್ತದೆ. ಅವಳೂ ತಲೆ ತಗ್ಗಿಸಿ ಹೂಂ ಎನ್ನುತ್ತಾಳೆ.

"ಯಾರ ಕಡೆಯದಾದರೇನು, ಮಕ್ಕಳು ಚೆನ್ನಾಗಿದ್ದರೆ ಸಾಕು" ಎನ್ನುವ ಸಮಾಧಾನಿಗಳಿಗೆ ನನ್ನ ಉತ್ತರವಿಷ್ಟೆ: ಚೆನ್ನಾಗಿರಬೇಕೆಂದೇ ಕೇಳುತ್ತಿದ್ದೇನೆ. ಅವಳಿ ಬಸಿರೆಂದರೆ ರಕ್ತಹೀನತೆ, ರಕ್ತದೊತ್ತಡ, ದಿನ ತುಂಬುವ ಮೊದಲೇ ಹೆರಿಗೆ, ಎಲ್ಲದರ ಭಯವೂ ಹೆಚ್ಚು. ಎರಡು ಮಕ್ಕಳಿಗೆ ಮಾಸು ಒಂದೋ ಎರಡೋ ಎಂಬುದು ಮೂರು ತಿಂಗಳೊಳಗಿನ ಸ್ಕ್ಯಾನಿನಲ್ಲೇ ಚೆನ್ನಾಗಿ ತಿಳಿಯುತ್ತದೆ. ಒಂದೇ ಆದರೆ ಹೆಚ್ಚಿನ ಎಚ್ಚರ ಬೇಕು. ತನ್ನ ತಾಯಿಗೆ, ಅಜ್ಜಿಗೆ, ಚಿಕ್ಕಮ್ಮನಿಗೆ, ಸೋದರತ್ತೆಗೆ ಅವಳಿಯಾಗಿತ್ತೇ ಎಂದು ಬಸುರಿಗೆ ತಿಳಿದಿದ್ದರೆ ಅವಳು ಬೇಗ ಪರೀಕ್ಷೆಗೆ ಹೋದಾಳು. ಗಂಡನ ಮುತ್ತಜ್ಜನ ಕಥೆಯಿಂದ ಈ ಉಪಕಾರವಾಗದು.

ಆದ್ದರಿಂದ ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ. ಹುಟ್ಟಿ ಉಳಿಯದ ಅವಳಿಗಳ ಮಾತು ಎಷ್ಟೋ ಅಜ್ಜಿಯರ ಎದೆಯಲ್ಲೇ ಉಳಿದಿರುತ್ತದೆ. ಇನ್ನು ವಂಶದ ಹಿರಿಮೆ ಹೇಳುವ ಗಂಡಸರಿಗೆ ಒಂದು ಕೆಲಸವಿದೆ. ಅಂಡದಲ್ಲಿ ನಿಮ್ಮ ಪಾಲಿಲ್ಲ, ಆರೈಕೆಯಲ್ಲಿ ಧಾರಾಳವಾಗಿದೆ. ರಾತ್ರಿ ಎರಡು ಗಂಟೆಗೆ ಎರಡೂ ಮಕ್ಕಳು ಒಟ್ಟಿಗೆ ಅತ್ತಾಗ ಎದ್ದು ಒಂದನ್ನಾದರೂ ಎತ್ತಿಕೊಳ್ಳಿ.