ಕಾರು ಕನ್ನಡ ನಾಡಿನದು, ಕರಾರು ಯಾರದು?

ಐಸ್‌ಲ್ಯಾಂಡ್ ಎಂಬ ದೇಶದ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ನಮ್ಮ ಚಿಕ್ಕಮಗಳೂರು ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಂತೆ 11 ಲಕ್ಷ 37 ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಆ ಪುಟ್ಟ ದೇಶದಲ್ಲಿ ಒಂದೇ ವಾಹನ ದಾಟಬಹುದಾದ ಇಕ್ಕಟ್ಟು ಸೇತುವೆ ಎದುರಾದರೆ ಹಳದಿ ಫಲಕದ ಮೇಲೆ 'ಐನ್‌ಬ್ರೇಯ್ಡ್ ಬ್ರೂ' ಎಂದು ಅವರದೇ ನುಡಿಯಲ್ಲಿ ಬರೆದಿರುತ್ತದೆ. ಅಲ್ಲಿ ಬಾಡಿಗೆ ಕಾರು ಓಡಿಸಲು ಹೊರಟ ನಮ್ಮ ಬಸವನಗುಡಿಯ ಹುಡುಗ ಏನು ಮಾಡುತ್ತಾನೆ? ಗೊಣಗುವುದಿಲ್ಲ. ವಿಮಾನ ಹತ್ತುವ ಮೊದಲೇ ಆ ಪದದ ಅರ್ಥ ಕಲಿತು ಹೋಗುತ್ತಾನೆ. ಕಾರು ಕೊಡುವವನ ಷರತ್ತನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಾನೆ. ಯಾಕೆಂದರೆ ಹೊಳೆಗಿಳಿಸಿ ಕಾರು ಕೆಡಿಸಿದರೆ ಅಲ್ಲಿನ ಬಾಡಿಗೆ ವಿಮೆ ಸಾಮಾನ್ಯವಾಗಿ ಒಂದು ಕಾಸೂ ಕೊಡುವುದಿಲ್ಲ, ಇಡೀ ಎಂಜಿನ್ನಿನ ಬೆಲೆ ಅವನ ಕಾರ್ಡಿನಿಂದಲೇ ಹೋಗುತ್ತದೆ.

ಅದೇ ಹುಡುಗ ಮಳೆಗಾಲದ ಒಂದು ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಾಡಿಗೆ ಕಾರು ಹಿಡಿದು ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಎಂದು ಹೊರಟ ಅಂದುಕೊಳ್ಳಿ. ಮೊಬೈಲಿನಲ್ಲಿ ಇಪ್ಪತ್ತು ಮೂವತ್ತು ಪುಟದ ಇಂಗ್ಲಿಷ್ ಕರಾರು ಬರುತ್ತದೆ. ಓದುವವರು ಯಾರು? ಹೆಬ್ಬೆರಳಿನಿಂದ ಸರ್ರನೆ ಕೆಳಕ್ಕೆ ತಳ್ಳಿ 'ಐ ಅಗ್ರೀ' ಒತ್ತಿದರೆ ಮುಗಿಯಿತು. ನಮ್ಮ ಅಜ್ಜಂದಿರು ಸಾಹುಕಾರರ ಪತ್ರಕ್ಕೆ ಒತ್ತುತ್ತಿದ್ದದ್ದೂ ಹೆಬ್ಬೆಟ್ಟನ್ನೇ ಅಲ್ಲವೇ!

"ನನಗೆ ಇಂಗ್ಲಿಷ್ ಬರುತ್ತೆ ಕಣ್ರೀ" ಎನ್ನಬೇಡಿ. ಸಂದರ್ಶನದ ಇಂಗ್ಲಿಷ್ ಬೇರೆ, ವಕೀಲರ ಇಂಗ್ಲಿಷ್ ಬೇರೆ. 'ಕಾನ್ಸಿಕ್ವೆನ್ಶಿಯಲ್ ಲಾಸ್' ಎಂಬ ಎರಡು ಪದ ಕಳಸದಲ್ಲಿ ಏನು ಮಾಡುತ್ತದೆ ನೋಡಿ. ಭದ್ರೆ ಉಕ್ಕಿದಾಗ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಊರಿನವರು ಹಳುವಳ್ಳಿ ಕಡೆಯಿಂದ ಸುತ್ತಿ ಹೋಗುತ್ತಾರೆ. ಪೇಟೆಯಿಂದ ಬಂದವನು ಒಂದಡಿ ನೀರು ತಾನೇ ಎಂದು ಇಳಿಸುತ್ತಾನೆ. ಗಾಳಿ ಎಳೆಯುವ ಕೊಳವೆಯಲ್ಲಿ ನೀರು ಎಂಜಿನ್ನಿನೊಳಗೆ ನುಗ್ಗುತ್ತದೆ. ಗಾಳಿಯನ್ನು ಅದುಮಿದಂತೆ ನೀರನ್ನು ಅದುಮಲಾಗದು, ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಕೂತುಬಿಡುತ್ತದೆ. ನಿಂತ ಗಾಡಿಗೆ ಗಾಬರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸಿದರಂತೂ ಉಳಿದದ್ದೂ ಹೋಯಿತು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ, ಇದು ನೀರು ನೇರವಾಗಿ ಮಾಡಿದ ನಷ್ಟವಲ್ಲ, ಅದರ ಹಿಂದೆ ಬಂದ ನಷ್ಟ ಎಂದು ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಬಾಡಿಗೆಯವನು ಕರಾರು ತೋರಿಸುತ್ತಾನೆ. ರಿಪೇರಿಯ ಹಣ ನಿಮ್ಮದು, ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನದ ಬಾಡಿಗೆಯೂ ನಿಮ್ಮದು! ಇದನ್ನೇ 'ನೀರಿಗೆ ಇಳಿಸಿ ಎಂಜಿನ್ ಕೆಟ್ಟರೆ ಪೂರ್ತಿ ಖರ್ಚು ನಿಮ್ಮದೇ' ಎಂದು ಒಂದೇ ಸಾಲು ಕನ್ನಡದಲ್ಲಿ ಬರೆದಿದ್ದರೆ ಸ್ಟೀರಿಂಗ್ ಮೇಲಿನ ಕೈ ಅಲ್ಲೇ ನಿಲ್ಲುತ್ತಿತ್ತು.

ಇನ್ನು ಊರಿನ ಕಡೆಯ ಕಥೆ. ಮೂಡಿಗೆರೆಯ ಹುಡುಗನೊಬ್ಬ ಸಾಲ ಮಾಡಿ ಬಿಳಿ ಬೋರ್ಡಿನ ಕಾರು ಕೊಳ್ಳುತ್ತಾನೆ, ವಾರಾಂತ್ಯಕ್ಕೆ ಪ್ರವಾಸಿಗರಿಗೆ ಕೊಟ್ಟು ಕಂತು ತೀರಿಸೋಣ ಎಂದುಕೊಳ್ಳುತ್ತಾನೆ. ನಾವೇ ಓಡಿಸಿಕೊಳ್ಳುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರಬೇಕು, ಅದಕ್ಕೆ 1989ರ ಕೇಂದ್ರದ ಯೋಜನೆಯಂತೆ ಪರವಾನಗಿ ಬೇಕು. ಖಾಸಗಿ ಕಾರಿನ ವಿಮೆಯಲ್ಲಿ ಬಾಡಿಗೆ ಬಳಕೆಗೆ ರಕ್ಷಣೆಯಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ಬರೆದಿರುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಆ ಕಾರು ಗುದ್ದಿದ ದಿನ ಕೊಟ್ಟವನೂ ಕೆಟ್ಟ, ಪಡೆದವನೂ ಕೆಟ್ಟ. ಗುದ್ದಿಸಿಕೊಂಡ ಬಡಪಾಯಿ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾನೆ.

ಕಳಸ, ಹೊರನಾಡಿನ ಜೀಪಿನವರ ಕರಾರು ನೋಡಿ. "ಮೇಲೆ ಒಂದು ಗಂಟೆ ನಿಲ್ತೀನಿ, ಮಳೆ ಜೋರಾದ್ರೆ ಅರ್ಧದಲ್ಲೇ ವಾಪಸ್, ದುಡ್ಡು ಇಷ್ಟು." ಕಾಗದವಿಲ್ಲ, ಆದರೂ ಗೊಂದಲವಿಲ್ಲ. ಕ್ಯಾತನಮಕ್ಕಿಯಂಥ ಗುಡ್ಡಕ್ಕೆ ಪೇಟೆಯ ಸಣ್ಣ ಕಾರು ಹತ್ತಿಸಲು ಹೋಗಿ ಒದ್ದಾಡುವ ಬದಲು ಆ ಜೀಪು ಹತ್ತುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಊರಿನವನಿಗೂ ನಾಲ್ಕು ಕಾಸು ಸಿಗುತ್ತದೆ.

ಕನ್ನಡದಲ್ಲಿ ಕರಾರು ಎಂದರೆ ಮೂಗು ಮುರಿಯುವವರು ಕೆನಡಾದ ಕ್ವೆಬೆಕ್ ಪ್ರಾಂತ್ಯದ ಕಡೆ ಒಮ್ಮೆ ನೋಡಲಿ. ಸುತ್ತ ಇಂಗ್ಲಿಷಿನ ಸಮುದ್ರ, ನಡುವೆ ಫ್ರೆಂಚ್ ನುಡಿಯ ನಾಡು. ಒಬ್ಬನೇ ಷರತ್ತು ಬರೆದು, ಇನ್ನೊಬ್ಬ ತುಟಿಪಿಟಿಕ್ಕೆನ್ನದೆ ಒಪ್ಪಬೇಕಾದ ಮುದ್ರಿತ ಕರಾರನ್ನು ಮೊದಲು ಫ್ರೆಂಚ್‌ನಲ್ಲೇ ಗಿರಾಕಿಯ ಕೈಗಿಡಬೇಕು ಎಂದು 2022ರಲ್ಲಿ ಅವರು ಕಾನೂನು ಮಾಡಿದರು, 2023ರ ಜೂನ್ 1ರಿಂದ ಅದು ಜಾರಿಯಲ್ಲಿದೆ. ಫ್ರೆಂಚ್ ಪ್ರತಿ ಕೈಗೆ ಬಂದ ಮೇಲೆ ಗಿರಾಕಿ ಬಯಸಿದರೆ ಇಂಗ್ಲಿಷ್ ಪಡೆಯಬಹುದು. ಯಾರಿಗೂ ಬಲವಂತವಿಲ್ಲ, ಆದರೆ ಮೊದಲ ಮಣೆ ನೆಲದ ನುಡಿಗೆ. ಕಾರು ಬಾಡಿಗೆಯ ಕಾಗದ ಇದೇ ಜಾತಿಯ ಕರಾರಲ್ಲದೆ ಮತ್ತೇನು? ನೀವು ಅದರಲ್ಲಿ ಒಂದು ಅಲ್ಪವಿರಾಮವನ್ನಾದರೂ ಬದಲಿಸಬಲ್ಲಿರಾ?

ನಮ್ಮಲ್ಲೂ ದಾರಿ ಇಲ್ಲವೆಂದಲ್ಲ. ಸಾಲ ಕೊಡುವ ಬ್ಯಾಂಕೇತರ ಹಣಕಾಸು ಕಂಪನಿಗಳು ಸಾಲಗಾರನಿಗೆ ಕಳಿಸುವ ಪತ್ರವೆಲ್ಲ ಸ್ಥಳೀಯ ನುಡಿಯಲ್ಲಿ ಅಥವಾ ಅವನಿಗೆ ತಿಳಿಯುವ ನುಡಿಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕಾರಿಗೆ ಸಾಲ ಕೊಟ್ಟವನಿಗೆ ಇರುವ ಕಟ್ಟಳೆ ಅದೇ ಕಾರನ್ನು ಬಾಡಿಗೆಗೆ ಕೊಡುವವನಿಗೆ ಯಾಕಿಲ್ಲ? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಕಡ್ಡಾಯ ಮಾಡಿದರು. ಒಳ್ಳೆಯದು. ಆದರೆ ಫಲಕ ಹೊರಗೆ ನೇತಾಡುತ್ತದೆ, ಜೇಬಿಗೆ ಕತ್ತರಿ ಹಾಕುವ ಕಾಗದ ಒಳಗಿರುತ್ತದೆ. ಅತಿಯಾದ ಠೇವಣಿ ಕೇಳುವ, ತಪ್ಪಿಗೆ ಮೀರಿದ ದಂಡ ಹೇರುವ ಕರಾರನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂದೇ ಕರೆಯುತ್ತದೆ. ಅದನ್ನು ಪ್ರಶ್ನಿಸಬೇಕಾದರೂ ಒಳಗೆ ಏನು ಬರೆದಿದೆ ಎಂದು ಮೊದಲು ಗೊತ್ತಾಗಬೇಕಲ್ಲ ಸ್ವಾಮಿ!

ಹೊರದೇಶಕ್ಕೆ ಹೊರಟವರಿಗೆ ಇನ್ನೊಂದು ಮಾತು. ಚಿಕ್ಕಮಗಳೂರಿನವರಾದರೆ ಕೆಎ-18ರ ಸಾರಿಗೆ ಕಚೇರಿಯಲ್ಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಊರಿನ ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಅನೇಕ ಕಡೆ ಇಪ್ಪತ್ತೈದು ತುಂಬದವರಿಗೆ ಹೆಚ್ಚಿನ ಬಾಡಿಗೆ, ಠೇವಣಿಗೆ ಕ್ರೆಡಿಟ್ ಕಾರ್ಡೇ ಬೇಕು. ವಿಮೆಯಲ್ಲಿ ಟೈರು, ಗಾಜು, ಕಾರಿನ ತಳ ಸೇರಿದೆಯೇ ಎಂದು ಕೇಳಿಯೇ ಕೀ ಪಡೆಯಿರಿ. ಆ ಪರವಾನಗಿ ಪುಸ್ತಕ ಬಿಡಿಸಿ ನೋಡಿದರೆ ಒಂದೇ ವಿಷಯ ಹಲವು ನುಡಿಗಳಲ್ಲಿ ಅಚ್ಚಾಗಿರುತ್ತದೆ. ಓದಬೇಕಾದವನಿಗೆ ಅವನ ನುಡಿಯಲ್ಲೇ ತಿಳಿಯಬೇಕು ಎಂಬ ಮಾತನ್ನು ರಸ್ತೆ ಸಂಚಾರದ ಜಿನೀವಾ ಒಪ್ಪಂದ 1949ರಲ್ಲೇ ಒಪ್ಪಿತು. ಫ್ರೆಂಚ್ ಪೊಲೀಸನಿಗೆ ಸಿಕ್ಕಿರುವ ಆ ಮರ್ಯಾದೆಯನ್ನು ಕನ್ನಡದ ಗಿರಾಕಿ ತನ್ನ ನೆಲದಲ್ಲಿ ಕೇಳಬಾರದೇ?

ಮುಂದಿನ ಸಲ ಬಾಡಿಗೆ ಕಾರು ಹಿಡಿಯುವಾಗ ಆ ಗುಂಡಿ ಒತ್ತುವ ಮೊದಲು ಕಂಪನಿಗೆ ಫೋನ್ ಮಾಡಿ "ಕರಾರಿನ ಕನ್ನಡ ಪ್ರತಿ ಕಳಿಸಿ" ಎನ್ನಿ. ಇಲ್ಲ ಎಂದರೆ ಅದನ್ನೇ ಬರವಣಿಗೆಯಲ್ಲಿ ಕೊಡಲು ಹೇಳಿ. ಆ ಉತ್ತರವನ್ನು ಸಾರಿಗೆ ಇಲಾಖೆಗೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಕಳಿಸಿ, ಒಂದು ಪ್ರತಿ ನಮಗೂ ಇರಲಿ.