ಸರ್ವರ್ ನಿಧಾನವಾದರೆ ಕೋರ್ ಹೆಚ್ಚಿಸಿದರೆ ಸಾಕೇ?

‘ಸರ್ವರ್ ಡೌನ್, ನಾಳೆ ಬನ್ನಿ.’ ಪಡಿತರ ಅಂಗಡಿಯಿಂದ ನೋಂದಣಿ ಕಚೇರಿವರೆಗೆ ನಾವೆಲ್ಲ ಕೇಳಿಸಿಕೊಂಡ ಮಾತು ಇದು. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾ ಸಿಂಧು ಪೋರ್ಟಲ್ ತೆವಳಿದ್ದು, ಜನ ಗ್ರಾಮ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಕಾದದ್ದು ನೆನಪಿರಬಹುದು. ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಬರುವ ಭರವಸೆ ಒಂದೇ: ಸರ್ವರ್ ಸಾಮರ್ಥ್ಯ ಹೆಚ್ಚಿಸುತ್ತೇವೆ. ಅಲ್ಲಿಗೆ ನಾವೂ ಸುಮ್ಮನಾಗುತ್ತೇವೆ.

ಸುಮ್ಮನಾಗಬಾರದು ಅನ್ನೋದು ನನ್ನ ವಾದ. ಸಾಮರ್ಥ್ಯ ಅಂದರೆ ಹೆಚ್ಚು ಪ್ರೊಸೆಸರ್ ಕೋರ್ ಎಂದಷ್ಟೇ ಅರ್ಥವಾದರೆ, ಹೆಚ್ಚಿಸಿದ ಮೇಲೆ ವ್ಯವಸ್ಥೆ ಇನ್ನಷ್ಟು ನಿಧಾನವಾಗುವ ಸಾಧ್ಯತೆಯೂ ಇದೆ. ವಿಚಿತ್ರ ಅನಿಸಬಹುದು. ಆದರೆ ಇದರ ಹಿಂದಿರುವ ಲೆಕ್ಕ ಸರಳ.

ಇವತ್ತು ಸರ್ಕಾರಿ ತಂತ್ರಾಂಶಕ್ಕೆಂದು ಪ್ರತ್ಯೇಕವಾಗಿ ಒಂದು ಇಡೀ ಯಂತ್ರ ಸಿಗುವುದು ಕಡಿಮೆ. ರಾಜ್ಯದ ಡೇಟಾ ಸೆಂಟರ್ ಇರಲಿ, ಎನ್‌ಐಸಿಯ ಮೇಘರಾಜ್ ಕ್ಲೌಡ್ ಇರಲಿ, ಖಾಸಗಿ ಕ್ಲೌಡ್ ಇರಲಿ, ದೊಡ್ಡ ಸರ್ವರ್ ಒಂದನ್ನು ಹಲವು ವರ್ಚುವಲ್ ಮಷೀನ್‌ಗಳಾಗಿ ಹಂಚುವುದೇ ರೂಢಿ. ಹೀಗೆ ಹಂಚುವ ತಂತ್ರಾಂಶದ ಹೆಸರು ಹೈಪರ್‌ವೈಸರ್. ಅದು ಪ್ರತಿ ಮಷೀನ್‌ಗೆ ಇಂತಿಷ್ಟು ‘ವಿಸಿಪಿಯು’ ಕೊಡುತ್ತದೆ. ಈ ವಿಸಿಪಿಯು ನಿಜವಾದ ಕೋರ್ ಅಲ್ಲ, ನಿಮ್ಮ ಸರದಿ ಬಂದಾಗ ಕೋರ್ ಕೊಡುತ್ತೇನೆ ಅನ್ನೋ ಮಾತು ಅಷ್ಟೇ. ಅಮೆಜಾನ್ ಕ್ಲೌಡ್‌ನಲ್ಲೂ ಇಂಟೆಲ್ ಯಂತ್ರಗಳ ಒಂದು ವಿಸಿಪಿಯು ಅಂದರೆ ಸಾಮಾನ್ಯವಾಗಿ ಕೋರ್‌ನ ಎರಡು ಥ್ರೆಡ್‌ಗಳಲ್ಲಿ ಒಂದು ಮಾತ್ರ.

ಒಂದು ಲೆಕ್ಕ ಹಾಕೋಣ. 32 ಕೋರ್‌ಗಳ ಒಂದು ಸರ್ವರ್, ಅದರ ಮೇಲೆ 20 ವರ್ಚುವಲ್ ಮಷೀನ್. ಪ್ರತಿ ಇಲಾಖೆಯೂ ತನಗೆ 8 ಬೇಕು ಅಂತ ಕೇಳಿ ಪಡೆದರೆ ಕಾಗದದ ಮೇಲೆ 160 ವಿಸಿಪಿಯು ಆಯಿತು. ಯಂತ್ರದಲ್ಲಿ ಇರೋದು ಅದೇ 32. ಎಲ್ಲರೂ ಒಟ್ಟಿಗೆ ಕೆಲಸ ಮಾಡದಿರುವಷ್ಟು ದಿನ ತೊಂದರೆ ಇಲ್ಲ. ಅರ್ಜಿ ಹಾಕುವ ಕೊನೆಯ ದಿನ ಬಂತು ಅನ್ನಿ, ಸರದಿ ಸಾಲು ಶುರು.

ಈ ಸಾಲಿನಲ್ಲಿ ದೊಡ್ಡ ಮಷೀನ್‌ಗೇ ಹೆಚ್ಚು ಕಷ್ಟ. ನ್ಯಾಯಾಲಯದ ಉದಾಹರಣೆ ನೋಡಿ. ಏಕಸದಸ್ಯ ಪೀಠ ಕೂರಲು ಒಬ್ಬ ನ್ಯಾಯಮೂರ್ತಿ ಬಿಡುವಾಗಿದ್ದರೆ ಸಾಕು. ಸಂವಿಧಾನ ಪೀಠಕ್ಕೆ ಕನಿಷ್ಠ ಐವರು ಒಂದೇ ಹೊತ್ತಿಗೆ ಬೇಕು. ನಾಲ್ವರು ಬಿಡುವಾಗಿದ್ದು ಒಬ್ಬರು ಬೇರೆ ಪ್ರಕರಣದಲ್ಲಿದ್ದರೆ ವಿಚಾರಣೆ ಇಲ್ಲ. ವಿಎಂವೇರ್‌ನ ಇಎಸ್‌ಎಕ್ಸ್ 2ರ ಕಾಲದಲ್ಲಿ ನಿಯಮ ಹೆಚ್ಚುಕಡಿಮೆ ಹೀಗೇ ಇತ್ತು: ಮಷೀನ್‌ನ ಎಲ್ಲ ವಿಸಿಪಿಯುಗಳಿಗೂ ಒಟ್ಟಿಗೆ ಕೋರ್ ಸಿಗಬೇಕು. ಇಎಸ್‌ಎಕ್ಸ್ 3ರಿಂದ ಈ ನಿಯಮ ಸಡಿಲವಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಒಂದು ವಿಸಿಪಿಯು ಬಹಳ ಹಿಂದೆ ಬಿದ್ದರೆ ಮುಂದೆ ಹೋದವನ್ನು ತಡೆದು ನಿಲ್ಲಿಸಲಾಗುತ್ತದೆ. ಇದಕ್ಕೆ ‘ಕೋ-ಸ್ಟಾಪ್’ ಅನ್ನುತ್ತಾರೆ. ಲಿನಕ್ಸ್‌ನ ಕೆವಿಎಂನಲ್ಲಿ ಈ ಕಟ್ಟುಪಾಡು ಇಲ್ಲ, ಅಲ್ಲಿ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಬೀಗದ ಕೈ ಹಿಡಿದ ವಿಸಿಪಿಯುವನ್ನೇ ಹೈಪರ್‌ವೈಸರ್ ಪಕ್ಕಕ್ಕೆ ಕೂರಿಸಿದರೆ, ಉಳಿದವು ಆ ಬೀಗಕ್ಕಾಗಿ ಕಾಯುತ್ತಾ ಸುಮ್ಮನೆ ಗಿರಗಿರ ಸುತ್ತುತ್ತವೆ. ಮಾನಿಟರ್‌ನಲ್ಲಿ ಸಿಪಿಯು ಬಳಕೆ ಏರಿದಂತೆ ಕಾಣುತ್ತದೆ, ಕೆಲಸ ಮಾತ್ರ ಸಾಗಿರುವುದಿಲ್ಲ.

ಪತ್ರಿಕೋದ್ಯಮಕ್ಕೆ ಬರುವ ಮೊದಲು ಎರಡು ವರ್ಷ ನಾನು ಒಂದು ಡೇಟಾ ಸೆಂಟರ್ ತಂಡದಲ್ಲಿದ್ದೆ. ಅಲ್ಲಿ 8 ವಿಸಿಪಿಯು ಪಡೆದಿದ್ದ ಒಂದು ಮಷೀನ್ ನಿಧಾನ ಅಂತ ದೂರು ಬಂತು. 16 ಕೊಡಿ ಅಂತ ಗ್ರಾಹಕರ ಒತ್ತಾಯ. ನಮ್ಮ ಹಿರಿಯ ಸಹೋದ್ಯೋಗಿ ಅದನ್ನು 2ಕ್ಕೆ ಇಳಿಸಿದರು, ಅದು ಚುರುಕಾಯಿತು. ಮಂತ್ರ ಏನಿಲ್ಲ, ಆ ತಂತ್ರಾಂಶ ಬಳಸುತ್ತಿದ್ದುದೇ ಒಂದೂವರೆ ಕೋರ್‌ನಷ್ಟು ಕೆಲಸ. ಉಳಿದ ವಿಸಿಪಿಯುಗಳಿಂದ ಅದಕ್ಕೂ ಕಾಯುವ ಶಿಕ್ಷೆ, ನೆರೆಹೊರೆಯ ಮಷೀನ್‌ಗಳಿಗೂ ಅಡ್ಡಿ.

ಹಂಚಿಕೊಳ್ಳದ ಯಂತ್ರದಲ್ಲೂ ಇದಕ್ಕೊಂದು ಮಿತಿ ಇದೆ. ಜೀನ್ ಅಮ್ಡಾಲ್ 1967ರಲ್ಲಿ ಮುಂದಿಟ್ಟ ವಾದ ಇದು: ಕೆಲಸದ ಒಂದು ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕಿದ್ದರೆ, ಎಷ್ಟು ಕೈ ಸೇರಿಸಿದರೂ ಅದು ಬೇಗ ಮುಗಿಯದು. ಅಂಥ ಭಾಗ ಶೇ 10 ಇದ್ದರೆ, 8 ಕೋರ್‌ಗೆ ಸುಮಾರು 4.7 ಪಟ್ಟು ವೇಗ ಸಿಗುತ್ತದೆ, 16ಕ್ಕೆ 6.4 ಪಟ್ಟು. ಸಾವಿರ ಕೊಟ್ಟರೂ 10 ಪಟ್ಟು ದಾಟಲ್ಲ.

ಹಾಗಿದ್ದರೂ ಎಲ್ಲರೂ ಹೆಚ್ಚು ಕೇಳೋದು ಯಾಕೆ? ಇಲ್ಲಿ ವಿಷಯ ತಂತ್ರಜ್ಞಾನ ದಾಟಿ ರಾಜಕೀಯಕ್ಕೆ ಬರುತ್ತದೆ. ಇವತ್ತು ಕೇಳದಿದ್ದರೆ ನಾಳೆ ಮತ್ತೊಂದು ಕಡತ ಓಡಿಸಬೇಕು ಅನ್ನೋದು ಇಲಾಖೆಯ ಭಯ. ನಿಧಾನವಾದರೆ ತನ್ನ ಕೋಡ್ ಮೇಲೆ ಬೆರಳು ಬರುತ್ತದೆ ಅನ್ನೋದು ಗುತ್ತಿಗೆದಾರನ ಭಯ, ಹಾಗಾಗಿ ಕನಿಷ್ಠ ಅಗತ್ಯವನ್ನೇ ಉಬ್ಬಿಸಿ ಬರೆಯುವುದು ಅವನಿಗೆ ಕ್ಷೇಮ. ಟೆಂಡರ್‌ನಲ್ಲಿ ಕೋರ್ ಎಣಿಸುವುದು ಸುಲಭ, ಸಾಮಾನ್ಯ ಮನುಷ್ಯ ಎಷ್ಟು ಸೆಕೆಂಡ್ ಕಾದ ಅಂತ ಎಣಿಸುವುದು ಕಷ್ಟ. ಅತಿಯಾಗಿ ತೆಗೆದುಕೊಂಡವರ ಖರ್ಚನ್ನು ಪಕ್ಕದ ಇಲಾಖೆ ಹೊರುತ್ತದೆ. ಊರ ಕೆರೆಗೆ ಎಲ್ಲರೂ ಪಂಪ್ ಇಟ್ಟ ಹಾಗೆ.

ಬಿಲ್ ಮಾತ್ರ ನಿಜವಾದದ್ದು. 2023ರ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಕೊಂಡ ಬ್ರಾಡ್‌ಕಾಮ್, ಶಾಶ್ವತ ಪರವಾನಗಿ ಮಾರುವುದನ್ನು ನಿಲ್ಲಿಸಿ ಕೋರ್ ಲೆಕ್ಕದ ಚಂದಾಕ್ಕೆ ಬದಲಾಯಿಸಿತು. ಒರಾಕಲ್‌ನ ದೊಡ್ಡ ಡೇಟಾಬೇಸ್ ಪರವಾನಗಿಗಳಲ್ಲೂ ಕೋರ್ ಲೆಕ್ಕವಿದೆ. ಸುಮ್ಮನೆ ಕೂತ ವಿಸಿಪಿಯುಗಳಿಗಾಗಿ ಹೊಸ ಸರ್ವರ್ ಕೊಂಡರೆ ಅದರ ಪರವಾನಗಿಗೂ ದುಡ್ಡು ಹೋಗುತ್ತದೆ. ಅದು ನಮ್ಮ ತೆರಿಗೆ ದುಡ್ಡು.

ಹಾಗಂತ ಕೋರ್ ಹೆಚ್ಚಿಸುವುದೇ ತಪ್ಪು ಅಂತಲ್ಲ. ಸಾವಿರಾರು ಜನ ಒಟ್ಟಿಗೆ ಫಲಿತಾಂಶ ನೋಡುವ ಕೆಲಸ ಹಂಚಿಕೊಳ್ಳಲು ಸುಲಭ. ಅಲ್ಲಿ ಹೆಚ್ಚು ಕೈ ಬೇಕೇ ಬೇಕು, ಆದರೆ ಒಂದು ದೈತ್ಯ ಮಷೀನ್‌ಗಿಂತ ಹಲವು ಚಿಕ್ಕ ಮಷೀನ್‌ಗಳು ಆ ಭಾರವನ್ನು ಚೆನ್ನಾಗಿ ಹೊರುತ್ತವೆ. ಇನ್ನು ಕೆಲವು ಸಲ ತೊಂದರೆಗೂ ಕೋರ್‌ಗೂ ಸಂಬಂಧವೇ ಇರಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಕುಂಟಿದಾಗ ಅದು ಡಿಡಿಒಎಸ್ ದಾಳಿ ಎಂದು ಸರ್ಕಾರ ಹೇಳಿತು. ಸುಳ್ಳು ಕೋರಿಕೆಗಳ ಪ್ರವಾಹಕ್ಕೆ ಕೋರ್ ಸುರಿಯುವುದು ಮದ್ದಲ್ಲ, ಜರಡಿ ಬೇಕು.

ಆದ್ದರಿಂದ ಮುಂದಿನ ಸಲ ಸಾಮರ್ಥ್ಯ ಹೆಚ್ಚಿಸಿದ್ದೇವೆ ಎಂಬ ಹೇಳಿಕೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳಿವೆ. ಒಂದು ನಿಜ ಕೋರ್‌ಗೆ ಎಷ್ಟು ವಿಸಿಪಿಯು ಹಂಚಿದ್ದೀರಿ? ದಟ್ಟಣೆಯ ಹೊತ್ತಲ್ಲಿ ಕೋರ್‌ಗಾಗಿ ಕಾದ ಪಾಲು, ಅಂದರೆ ವಿಎಂವೇರ್‌ನ ‘ರೆಡಿ’ ಅಥವಾ ಲಿನಕ್ಸ್‌ನ ‘ಸ್ಟೀಲ್’ ಅಂಕಿ, ಎಷ್ಟಿತ್ತು? ತಡೆ ಇದ್ದದ್ದು ಪ್ರೊಸೆಸರ್‌ನಲ್ಲೋ, ಡೇಟಾಬೇಸ್‌ನಲ್ಲೋ, ಒಟಿಪಿ ಕಳಿಸುವಲ್ಲೋ? ಗುತ್ತಿಗೆಯಲ್ಲಿ ಪುಟ ಎಷ್ಟು ಸೆಕೆಂಡಿಗೆ ತೆರೆಯಬೇಕು ಅಂತ ಬರೆದಿದೆಯೋ, ಬರೀ ಕೋರ್ ಸಂಖ್ಯೆ ಇದೆಯೋ? ಇವು ಆರ್‌ಟಿಐ ಅರ್ಜಿಯಲ್ಲಿ ಕೇಳಬಹುದಾದ, ಸದನದಲ್ಲಿ ಶಾಸಕರು ಎತ್ತಬಹುದಾದ ಪ್ರಶ್ನೆಗಳು. ಭದ್ರತೆಯ ನೆಪ ಇಲ್ಲಿ ನಡೆಯಲ್ಲ. ಯಾರೂ ಪಾಸ್‌ವರ್ಡ್ ಕೇಳುತ್ತಿಲ್ಲ, ಕಾದ ಸಮಯದ ಲೆಕ್ಕ ಕೇಳುತ್ತಿದ್ದೇವೆ.

ಕೂಲಿ ಬಿಟ್ಟು ಬಂದು ನಿಂತ ಮಹಿಳೆಗೆ ‘ನಾಳೆ ಬನ್ನಿ’ ಅಂದರೆ ಒಂದು ದಿನದ ಸಂಬಳ ಹೋಯಿತು ಅಂತ ಅರ್ಥ. ಅದಕ್ಕೆ ಉತ್ತರ ಕೊಡುವವರು ಎಷ್ಟು ಕೋರ್ ಕೊಟ್ಟೆವು ಅಂತ ಹೇಳಿದರೆ ಸಾಲದು, ಅವಳು ಎಷ್ಟು ಹೊತ್ತು ಕಾದಳು ಅಂತ ಹೇಳಬೇಕು.