ಪಾರ್ಸೆಲ್ ಮುಟ್ಟಿಸುವುದಷ್ಟೇ ನಮ್ಮ ಕೆಲಸವೇ?

ಇ-ಕಾಮರ್ಸ್ ಎಂದರೆ ನಮ್ಮ ಕಡೆಯ ಹೆಚ್ಚಿನ ಯುವಕರಿಗೆ ಗೊತ್ತಿರುವುದು ಒಂದೇ ಕೆಲಸ: ಬೆನ್ನಿಗೆ ಚೀಲ ಹಾಕಿಕೊಂಡು ಬೈಕಿನಲ್ಲಿ ಪಾರ್ಸೆಲ್ ಮುಟ್ಟಿಸುವುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಿಗೆ ಮೊಬೈಲ್ ಕವರ್‌ನಿಂದ ಮಿಕ್ಸರ್‌ವರೆಗೆ ಎಲ್ಲವೂ ಬರುತ್ತದೆ. ಇಲ್ಲಿಂದ ಹೊರಗೆ ಹೋಗುವುದು ಎಷ್ಟು?

ಸರಕಿಗೇನೂ ಬರವಿಲ್ಲ. ರಬಕವಿ-ಬನಹಟ್ಟಿಯ ಸೀರೆ ಇದೆ, ಮುಧೋಳ-ಜಮಖಂಡಿ ಭಾಗದ ಬೆಲ್ಲ ಇದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುವ ಮಹಿಳೆಯರು ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ವೇದಿಕೆಗೂ ಕೊರತೆಯಿಲ್ಲ. ಖಾಸಗಿ ಕಂಪನಿಗಳ ಜೊತೆಗೆ, ಸಣ್ಣ ಮಾರಾಟಗಾರರನ್ನೂ ಒಳಗೊಳ್ಳಲೆಂದು ಕೇಂದ್ರ ಸರ್ಕಾರ 2021ರ ಕೊನೆಯಲ್ಲಿ ಆರಂಭಿಸಿದ ಒಎನ್‌ಡಿಸಿ ಜಾಲವಿದೆ. ಕೈಮಗ್ಗದವರಿಗೆಂದೇ ಜವಳಿ ಸಚಿವಾಲಯದ ‘ಇಂಡಿಯಾ ಹ್ಯಾಂಡ್‌ಮೇಡ್’ ತಾಣವಿದೆ. ಇಲ್ಲದಿರುವುದು ಸರಕು ಮತ್ತು ವೇದಿಕೆಯ ನಡುವೆ ನಿಂತು ಕೆಲಸ ಮಾಡಬಲ್ಲ ನುರಿತ ಕೈಗಳು.

ಫೋಟೊ ತೆಗೆದು ಹಾಕಿದರೆ ಮುಗಿಯಿತು ಎನ್ನುವಷ್ಟು ಸುಲಭದ ಕೆಲಸ ಇದಲ್ಲ. ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದ ಸೀರೆಯ ಬಣ್ಣ ಕೊಂಡವರ ಮನೆಯಲ್ಲಿ ಬೇರೆಯಾಗಿ ಕಂಡರೆ ಸೀರೆ ವಾಪಸ್ ಬರುತ್ತದೆ. ಮಡಿಕೆ ಕೆಟ್ಟು ಬಂದ ಸೀರೆಯ ಜೊತೆ ಸಾಗಣೆ ಖರ್ಚೂ ಮೈಮೇಲೆ ಬೀಳಬಹುದು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಬರೆದರೆ ಇಡೀ ಊರಿನ ಹೆಸರು ಕೆಡುತ್ತದೆ. ಬೆಲ್ಲದ ಪೊಟ್ಟಣದ ಮೇಲೆ ತೂಕ, ಬೆಲೆ, ವಿಳಾಸ ಇರಲೇಬೇಕು. ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು.

ಜಿಎಸ್‌ಟಿ ಲೆಕ್ಕವೂ ಇದೆ. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿರುವ ಸಣ್ಣ ಮಾರಾಟಗಾರರು ರಾಜ್ಯದೊಳಗೆ ಆನ್‌ಲೈನ್‌ನಲ್ಲಿ ಸರಕು ಮಾರಲು ಪೂರ್ಣ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಪ್ಯಾನ್ ಆಧಾರದ ಸಂಖ್ಯೆ ಪಡೆದರೆ ಸಾಕು. ಆದರೆ ಈ ವಿನಾಯಿತಿ ರಾಜ್ಯದ ಗಡಿ ದಾಟುವ ಮಾರಾಟಕ್ಕಿಲ್ಲ. ನಮ್ಮ ಸೀರೆಗೆ ಮೊದಲಿನಿಂದಲೂ ಗಿರಾಕಿ ಇರುವುದು ಪಕ್ಕದ ಮಹಾರಾಷ್ಟ್ರದಲ್ಲಿ! ಬಿ.ಕಾಂ.ನಲ್ಲಿ ನಾನೂ ಜಿಎಸ್‌ಟಿಯನ್ನು ಅಂಕಕ್ಕಾಗಿ ಓದಿದ್ದೇನೆ. ಒಬ್ಬ ನೇಕಾರರಿಗೆ ನೋಂದಣಿ ಮಾಡಿಸಿಕೊಡುವುದನ್ನು ಯಾರೂ ಕಲಿಸಲಿಲ್ಲ.

ಹಾಗಾಗಿ ತರಬೇತಿ ಎಂದರೆ ಮೂರು ದಿನದ ಕಾರ್ಯಾಗಾರ, ಒಂದು ಪ್ರಮಾಣಪತ್ರ ಎಂದಾಗಬಾರದು. ಪದವಿ ಕಾಲೇಜು ಮತ್ತು ಐಟಿಐಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ, ಪ್ರತಿ ತಂಡವೂ ಒಂದು ಮಗ್ಗ, ಒಂದು ಗಾಣ ಅಥವಾ ಒಂದು ಸ್ವಸಹಾಯ ಸಂಘದ ಸರಕನ್ನು ನಿಜವಾಗಿ ಮಾರಲಿ. ಎಷ್ಟು ಆರ್ಡರ್ ಬಂತು, ಎಷ್ಟು ವಾಪಸಾಯಿತು, ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿಯಿತು ಎಂಬುದರ ಮೇಲೆ ಅಂಕ ಕೊಡಲಿ. ಯುವನಿಧಿ ಯೋಜನೆಯಡಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಸಿಗುವುದು ಗರಿಷ್ಠ ಎರಡು ವರ್ಷ. ಇಂಥ ಕಸುಬು ಕಲಿಯಲು ಆ ಸಮಯ ಧಾರಾಳವಾಯಿತು.

ಒಂದು ಎಚ್ಚರಿಕೆಯೂ ಬೇಕು. ನಮ್ಮಲ್ಲಿ ಬಹಳಷ್ಟು ಮಂದಿ ಕೂಲಿ ನೇಕಾರರು. ಅವರು ನೇಯ್ದ ಸೀರೆ ಅವರದಲ್ಲ. ಮಾಲೀಕರು ಮಾತ್ರ ಆನ್‌ಲೈನ್‌ಗೆ ಹೋದರೆ ನೇಕಾರರ ಕೂಲಿ ಹೆಚ್ಚುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ತರಬೇತಿ ಪಡೆದವರು ಮೊದಲು ಹೋಗಬೇಕಾದದ್ದು ನೇಕಾರರ ಸಹಕಾರಿ ಸಂಘ ಮತ್ತು ಮಹಿಳಾ ಸಂಘಗಳ ಬಳಿಗೆ. ಹತ್ತಾರು ಮಗ್ಗಗಳಿಗೆ ಒಬ್ಬರು ದುಡಿದು ಆರ್ಡರಿಗಿಷ್ಟು ಎಂದು ಪಡೆದರೆ ಇಬ್ಬರಿಗೂ ಲಾಭ.

ಬೆಂಗಳೂರು, ಪುಣೆಯ ಬಸ್ ಹತ್ತುವ ಮೊದಲು ನಮ್ಮೂರಿನ ಒಂದು ಮಗ್ಗದ ಮನೆಗೆ ಹೋಗಿ, ಈ ಸೀರೆಯನ್ನು ಮೂರನೇ ಊರಿಗೆ ಕಳಿಸಲು ಏನೇನು ಬೇಕೆಂದು ಪಟ್ಟಿ ಮಾಡಿ ನೋಡಿ. ಕಲಿಯಬೇಕಾದ ಪಠ್ಯ ಅದೇ.